ಊರುಂಡ ಗಿಣ್ಣು

"ಅಜ್ಜಾರ, ಹಸಿದು ಬೆಳೆದಾಕಿ ಹೊಟ್ಟ್ಯಾಗ ಗಟ್ಟಿ ಕೂಸು ಹುಟ್ಟತೈತೇನ್ರಿ?"

ನಿಂಬೆವ್ವ ಮಠದ ಗುರುಗಳನ್ನು ಕೇಳಿದ್ದು ಇಷ್ಟೇ. ಕೇಳಿದ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿ ಕೂತಳು. ಮಠದ ದಾಸೋಹಕ್ಕೆ ರೊಟ್ಟಿ ಬಡಿಯಲು ಬರುವವಳು ಅವಳು. ಕೆಲಸ ಮುಗಿದ ಮೇಲೆ ಗುರುಗಳ ಮಾತು ಕೇಳದೆ ಮನೆಗೆ ಹೋದವಳಲ್ಲ. ಈಗ ತುಂಬಿದ ಬಸುರಿ. ಊಟದ ತಾಟು ಅವಳ ಮುಂದೆಯೇ ಇತ್ತು. ರೊಟ್ಟಿಯ ಒಂದು ಚೂರನ್ನೂ ಮುರಿದಿರಲಿಲ್ಲ.

ಅವಳು ಹುಟ್ಟಿದ್ದು ಸುಣ್ಣದ ಭಟ್ಟಿಯ ಪಕ್ಕದ ಗುಡಿಸಲಿನಲ್ಲಿ. ಹೆತ್ತ ತಾಯಿಗೆ ಜ್ವರ ಬಂದು ಎದೆಹಾಲು ಬತ್ತಿತ್ತು. ಕೂಸಿಗೆ ಸಿಕ್ಕಿದ್ದು ಜೋಳದ ಗಂಜಿಯ ತಿಳಿ ಮತ್ತು ಭಟ್ಟಿಯ ಹೊಗೆ. ಹಾಗೆ ಬೆಳೆದ ಮೈ ಹಾಗೆಯೇ ಉಳಿಯಿತು. ಮಠದ ಮೆಟ್ಟಿಲು ಹತ್ತಿದರೆ ಏದುಸಿರು, ಚಳಿ ಬಂದರೆ ಕೆಮ್ಮು. ಮೊನ್ನೆ ಬಸುರಿಗೆ ಮಾಡುವ ಕುಬಸದ ದಿನ, ಉಡಿ ತುಂಬಲು ಬಂದ ಹೆಂಗಸೊಬ್ಬಳು ಅವಳ ಎದುರಿಗೇ, "ತಾಯಿನಽ ಇಷ್ಟ ಅದಾಳ, ಇನ್ನ ಕೂಸು ಎಷ್ಟಿದ್ದೀತು" ಎಂದಿದ್ದಳು. ಅಂದಿನಿಂದ ನಿಂಬೆವ್ವನಿಗೆ ತುತ್ತು ಗಂಟಲಲ್ಲಿ ಇಳಿಯದಾಗಿತ್ತು.

ಪಕ್ಕದಲ್ಲಿ ಕೂತಿದ್ದ ಅತ್ತೆ ಶಾವಂತ್ರವ್ವ ತಡೆಯಲಾರದೆ ಬಾಯಿ ಹಾಕಿದಳು. "ಉಣ್ಣಾಕ ಒಲ್ಲಳ್ರೀ ಅಜ್ಜಾರ. ನಾ ಏನ ಕಡಿಮಿ ಮಾಡೀನಿ ಹೇಳ್ರಿ? ಜೇನುತುಪ್ಪ ತರಿಸಿಟ್ಟೀನಿ, ಔಡಲೆಣ್ಣಿ ಕಾಸಿಟ್ಟೀನಿ. ಬಾಣಂತಿ ಮೊದಲಿನ ಕೆಟ್ಟ ಹಾಲು ಹಿಂಡಿ ಚೆಲ್ಲೂತನಕಾ ಕೂಸಿಗೆ ಅದನ್ನಽ ನೆಕ್ಕಸೂದು ನಮ್ಮ ಮನಿ ಪದ್ಧತಿ."

ಗುರುಗಳು ಅವಳ ಕಡೆ ತಿರುಗಿದರು. "ಶಾವಂತ್ರವ್ವ, ಗಿಣ್ಣ ತಿಂದೀ ಏನು?"

"ಗಿಣ್ಣ ತಿನ್ನಲಾರದವರು ಯಾರ ಅದಾರ್ರೀ ಅಜ್ಜಾರ! ಬೆಲ್ಲ ಯಾಲಕ್ಕಿ ಹಾಕಿ ಕುದಿಸಿದ್ರ..." ಮುದುಕಿಯ ಬಾಯಲ್ಲಿ ನೀರೂರಿತು.

"ಹಂಗಾರ ಇಬ್ಬರೂ ಕೇಳ್ರಿ" ಎಂದು ಗುರುಗಳು ಕತೆ ತೆಗೆದರು.

ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಒಂದು ಆಕಳಿತ್ತು. ಊರಿನ ಬಾಯಲ್ಲಿ ಅದು ರೈತನ ಆಕಳು. ಆದರೆ ಮೇವು ಹಾಕುವವಳು, ಸಗಣಿ ಬಳಿಯುವವಳು, ಹಾಲು ಹಿಂಡುವವಳು ಅವನ ಹೆಂಡತಿ. ಹಾಗಾಗಿ ಕತೆ ಅವಳದು.

ಆಕಳು ಮೊದಲ ಸಲ ಈಯಿತು. ಹೆಣ್ಣುಗರು. ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಯಾರ ಮನೆಯ ದನ ಈದರೂ, ಮೊದಲು ಇಳಿಯುವ ಹಳದಿ ಬಣ್ಣದ ಮಂದ ಹಾಲನ್ನು ಹಿಂಡಬೇಕು. ಬೆಲ್ಲ ಹಾಕಿ ಗಿಣ್ಣು ಮಾಡಬೇಕು. ಅದನ್ನು ಮನೆಮನೆಗೂ ಹಂಚಬೇಕು. ಒಂದು ಮನೆ ತಪ್ಪಿದರೆ ಆ ಮನೆಯವರು ಮುಂದಿನ ಸುಗ್ಗಿಯವರೆಗೂ ಮುಖ ಊದಿಸಿಕೊಂಡು ತಿರುಗುತ್ತಿದ್ದರು. ರೈತನ ಹೆಂಡತಿಯದು ಧಾರಾಳದ ಕೈ. ಕೆಚ್ಚಲಿನಲ್ಲಿ ಹನಿ ಉಳಿಯದಂತೆ ಹಿಂಡಿದಳು. ಊರಿಗೆಲ್ಲ ಹಂಚಿದಳು. ಕೊಟ್ಟರೆ ಹೀಗೆ ಕೊಡಬೇಕು ಎಂದು ಎಲ್ಲರೂ ಹೊಗಳಿದರು. ಅವಳಿಗೆ ಅಂದು ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಕರುವನ್ನು ಕೊಟ್ಟಿಗೆಯಲ್ಲಿ ಗಂಜಳ ಹರಿಯುವ ಮೂಲೆಗೆ ಕಟ್ಟಿದ್ದರು. ಅದಕ್ಕೆ ಗಂಜಿಯ ತಿಳಿ ಕುಡಿಸಿದರು. ಮಂದ ಹಾಲು ಎಳೆಗರುವಿಗೆ ಅರಗುವುದಿಲ್ಲ ಎಂದು ಊರಿನ ಹಿರಿಯರು ಹೇಳಿದರು. ಹಾಗೆ ಹೇಳುವಾಗ ಅವರ ಬಾಯಲ್ಲಿ ಗಿಣ್ಣೇ ಇತ್ತು.

ಕರು ಬದುಕಿತು, ಆದರೆ ಮೈ ಹಿಡಿಯಲಿಲ್ಲ. ಮೊದಲ ತಿಂಗಳೇ ಹೊಟ್ಟೆ ಕೆಟ್ಟಿತು. ಚಳಿಗಾಳಿ ಬೀಸಿದರೆ ಕೆಮ್ಮುತ್ತಿತ್ತು. ಮುಂದೆ ಹಸಿ ಮೇವು ಹಾಕಿದರೂ ಪಕ್ಕೆಲುಬು ಮುಚ್ಚಲಿಲ್ಲ. ಊರ ಮಕ್ಕಳು ಅದಕ್ಕೆ ಕಡ್ಡಿ ಎಂದು ಹೆಸರಿಟ್ಟರು. ಮನೆಯವರ ಬಾಯಲ್ಲೂ ಅದೇ ಹೆಸರು ನಿಂತಿತು.

ಆಕಳು ಎರಡನೆಯ ಸಲ ಈಯುವ ಹೊತ್ತಿಗೆ ದನಗಳ ಜೊತೆ ಅಡವಿಗೆ ಹೋಗಿತ್ತು. ಅಂದೇ ಹಳ್ಳ ತುಂಬಿ ಬಂತು. ದನಗಳೂ ದನಗಾಹಿಯೂ ಆಚೆ ದಡದಲ್ಲೇ ಉಳಿದರು. ನಾಲ್ಕಾರು ದಿನಕ್ಕೆ ಹಳ್ಳ ಇಳಿದು ದನಗಳು ಊರಿಗೆ ಬಂದಾಗ ಆಕಳ ಹಿಂದೆ ಒಂದು ಕರು ಜಿಗಿಯುತ್ತ ಬರುತ್ತಿತ್ತು. ರೈತನ ಹೆಂಡತಿ ಓಡಿಹೋಗಿ ಕೆಚ್ಚಲಿಗೆ ಕೈ ಹಾಕಿದಳು. ಬಂದದ್ದು ಬರೀ ಬಿಳಿ ಹಾಲು. ಗಿಣ್ಣಿನ ಹಾಲನ್ನೆಲ್ಲ ಕರು ಕುಡಿದು ಮುಗಿಸಿತ್ತು. ಅವಳು ಹಣೆ ಬಡಿದುಕೊಂಡಳು. ಪಾತ್ರೆ ಹಿಡಿದು ಬಂದವರು ಗೊಣಗುತ್ತ ಖಾಲಿ ಕೈಯಲ್ಲಿ ಹೋದರು. ದನಗಾಹಿಗೆ ಬೈಗುಳವೇ ಗಿಣ್ಣಾಯಿತು.

ಆ ಕರು ಬೆಳೆದ ಪರಿ ಬೇರೆ. ವರ್ಷ ತುಂಬುವುದರೊಳಗೆ ಅಕ್ಕನ ಹೆಗಲಿಗೆ ಬಂತು. ಮತ್ತೊಂದು ಮಳೆಗಾಲಕ್ಕೆ ಅಕ್ಕನನ್ನೇ ಗೋದಲಿಯಿಂದ ಆಚೆ ನೂಕತೊಡಗಿತು. ರೈತ ಮೀಸೆ ತಿರುವಿ, ಹುಟ್ಟಿದ ಗಳಿಗೆ ಚಲೋ ಇದೆ ಎಂದ. ಹೆಂಡತಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಸಗಣಿ ಬಳಿಯುವಾಗ ದಿನವೂ ಎರಡನ್ನೂ ನೋಡುತ್ತಿದ್ದಳು. ತಾಯಿ ಒಂದೇ. ಹೋರಿ ಒಂದೇ. ಹಾಕುವ ಕಣಕಿಯೂ ಒಂದೇ. ಇದಕ್ಕೆ ಸಿಕ್ಕಿ ಅದಕ್ಕೆ ಸಿಗದೆ ಹೋದದ್ದು ಏನು?

ಒಂದು ಬೆಳಿಗ್ಗೆ ಅವಳಿಗೆ ಅದು ಹೊಳೆಯಿತು. ಬುಟ್ಟಿ ಕೆಳಗಿಟ್ಟು, ಕಡ್ಡಿಯ ಕೊರಳು ತಬ್ಬಿ ಗಳಗಳನೆ ಅತ್ತಳು. ಇದರ ಪಾಲನ್ನು ಊರಿಗೆ ಉಣಿಸಿ ನಾನು ಹೊಗಳಿಸಿಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಕಡ್ಡಿ ಅವಳ ಸೆರಗನ್ನು ಮೇಯಲು ನೋಡಿತು.

ಮರುವರ್ಷ ಕಡ್ಡಿ ಗಬ್ಬವಾಯಿತು. ರೈತನಿಗೆ ದಿಗಿಲು ಹತ್ತಿತು. "ತಾನಽ ಇಂಥಾದ್ದು. ಇದರ ಕರ ಇನ್ನೆಂಥಾದ್ದು? ಈಯೂ ಮುಂಚೆ ಅಡವಿಗೆ ಅಟ್ಟಿ ಬಿಡೂನು" ಎಂದ.

"ಕರ ಇನ್ನೂ ಹುಟ್ಟಿಲ್ಲ. ಹುಟ್ಟಲಾರದ್ದಕ್ಕ ಈಗಽ ಹೆಸರಿಡಬ್ಯಾಡ" ಎಂದಳು ಹೆಂಡತಿ.

ಅಷ್ಟು ಹೇಳಿ ಕಡ್ಡಿಯನ್ನು ಗಂಜಳದ ಮೂಲೆಯಿಂದ ಬಿಚ್ಚಿದಳು. ಗಾಳಿ ತಾಕದ ಒಣ ನೆಲದಲ್ಲಿ ಕಟ್ಟಿ, ಕೆಳಗೆ ಹುಲ್ಲು ಹಾಸಿದಳು. ಹತ್ತಿಕಾಳು ನೆನೆಸಿ ರುಬ್ಬಿ ಇಟ್ಟಳು, ಹಿಂಡಿ ಇಟ್ಟಳು. ಕಡ್ಡಿ ಮೊದಮೊದಲು ಮೂಸಿ ಮುಖ ತಿರುಗಿಸುತ್ತಿತ್ತು. ಕಡಿಮೆ ಉಂಡು ಬೆಳೆದ ಹೊಟ್ಟೆಗೆ ಹೆಚ್ಚು ಉಣ್ಣಲು ಧೈರ್ಯ ಬೇಕು. ಅವಳು ಬಿಡಲಿಲ್ಲ. ಪಕ್ಕದಲ್ಲಿ ಕೂತು, ಬೈದು, ಮುದ್ದಿಸಿ ತಿನ್ನಿಸಿದಳು. ಕೊನೆಕೊನೆಗೆ ಕಡ್ಡಿ ಬೋಗುಣಿಯನ್ನು ನೆಕ್ಕಿ ಖಾಲಿ ಮಾಡಿ ಇನ್ನಷ್ಟಕ್ಕೆ ಅಂಬಾ ಎನ್ನುತ್ತಿತ್ತು. ಆದರೂ ಅವಳು ರಾತ್ರಿ ಎದ್ದೆದ್ದು ಕೊಟ್ಟಿಗೆ ನೋಡಿ ಬರುತ್ತಿದ್ದಳು. ಗಂಡನ ಮಾತೇ ನಿಜವಾಗಿಬಿಟ್ಟರೆ?

ಕಡ್ಡಿ ನಸುಕಿನಲ್ಲಿ ಈಯಿತು. ಸುದ್ದಿ ತಿಳಿದದ್ದೇ ತಡ, ಹೆಂಗಸರು ಪಾತ್ರೆ ಹಿಡಿದು ಬಾಗಿಲಿಗೆ ಬಂದರು. ಒಳಗೆ ಕರು ಏಳಲು ನೋಡಿತು, ಬಿದ್ದಿತು. ಮತ್ತೆ ಎದ್ದಿತು, ಮತ್ತೆ ಬಿದ್ದಿತು. ರೈತನ ಹೆಂಡತಿ ಬಾಗಿಲಿಗೆ ಅಡ್ಡವಾಗಿ ನಿಂತು ನೋಡುತ್ತಿದ್ದಳು. ಕೊನೆಗೂ ಅದು ನಡುಗುವ ಕಾಲ ಮೇಲೆ ನಿಂತಿತು. ತಾಯಿಯ ಹೊಟ್ಟೆಯ ಕೆಳಗೆ ತಡಕಾಡಿ ಮೊಲೆ ಹಿಡಿಯಿತು. ಬಾಲ ಅಲ್ಲಾಡತೊಡಗಿತು. ಅದನ್ನು ನೋಡಿ ಅವಳು ನೆಲಕ್ಕೆ ಕುಸಿದು ಕೂತು ನಕ್ಕಳು.

"ಗಿಣ್ಣ ಎಲ್ಲೈತಿ?" ಎಂದು ಬಾಗಿಲಲ್ಲಿದ್ದವರು ಕೇಳಿದರು.

"ಈ ಸಲ ಒಂದಽ ಮನಿಗೆ ಹಂಚೀನ್ರವಾ. ಆ ಮನಿಯವರು ಇನ್ನೂ ಉಣ್ಣಾಕತ್ತಾರ" ಎಂದಳು.

ಊರು ಮುಖ ಊದಿಸಿತು. ಊದಿಸಿದ ಮುಖ ಎಷ್ಟು ದಿನ ನಿಂತೀತು? ಆ ಕರು ಓಣಿಯ ಉದ್ದಕ್ಕೂ ಬಾಲವೆತ್ತಿ ಓಡುವುದನ್ನು ನೋಡಿ, ಬೈದವರೇ ನಿಂತು ನಕ್ಕರು. ಕಡ್ಡಿ ಎಂಬ ಹೆಸರು ಆ ಕರುವಿಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಕಡ್ಡಿ ಏನಾತ್ರಿ?" ನಿಂಬೆವ್ವ ಕೇಳಿದಳು. ಅವಳ ಮನಸ್ಸು ಕತೆಯ ಕರುವಿನ ಮೇಲಿರಲಿಲ್ಲ, ತಾಯಿಯ ಮೇಲಿತ್ತು.

"ಕಡ್ಡಿ ಕಡ್ಡೀನಽ ಉಳೀತವಾ. ಸುಳ್ಳ್ಯಾಕ ಹೇಳ್ಲಿ? ಎಳೇದರಾಗ ತಪ್ಪಿದ್ದು ಮೈಯಾಗ ಉಳಕೊಂಡಿತ್ತು. ಚಳಿಗಾಲದಾಗ ಕೆಮ್ಮತಿತ್ತು. ಆದ್ರ ಕೆಮ್ಮತೈತಿ ಅಂತ ಗೊತ್ತಿದ್ದಾಕಿ ಚಳಿ ಬರೂ ಮುಂಚೆ ಅದರ ಮ್ಯಾಲ ಗೋಣಿತಟ್ಟು ಹೊಚ್ಚತಿದ್ಳು. ಹಂಗಾಗಿ ಬಾಳ ವರ್ಷ ಬಾಳೇ ಮಾಡ್ತು."

ಶಾವಂತ್ರವ್ವ ತನ್ನ ಅಂಗೈಗಳನ್ನೇ ನೋಡಿಕೊಂಡಳು. ಎಷ್ಟೋ ಬಾಣಂತಿಯರ ಎದೆಯಿಂದ ಮೊದಲ ಹಾಲು ಹಿಂಡಿ ತೆಗೆಸಿದ ಕೈಗಳು ಅವು. ಆಮೇಲೆ ಮೆಲ್ಲಗೆ ಕೇಳಿದಳು: "ಅಜ್ಜಾರ, ಹಂಗಾರ ನಾವು ಕೆಟ್ಟ ಹಾಲಂತ ಚೆಲ್ಲತೀವಲ್ರೀ, ಹಳದೀದು... ಅದು ಕೂಸಿನ ಗಿಣ್ಣ ಏನ್ರಿ?"

ಗುರುಗಳು ಹೌದೆಂದು ತಲೆಯಾಡಿಸಿದರು. ಮುದುಕಿ ಕೆನ್ನೆಗೆ ತಾನೇ ಬಡಿದುಕೊಂಡಳು. "ಆ ಜೇನುತುಪ್ಪ ರೊಟ್ಟಿಗೆ ಹಚ್ಚಿಕೊಂಡು ನಾನಽ ತಿಂತೀನಿ ತಗೋರಿ" ಎಂದಳು. ಗುರುಗಳಿಗೆ ನಗು ಬಂತು. ನಿಂಬೆವ್ವನಿಗೂ ಬಂತು, ಆದರೆ ಅರ್ಧಕ್ಕೇ ನಿಂತಿತು. ಅವಳ ಹೆದರಿಕೆ ಇನ್ನೂ ಪೂರಾ ಬಿಟ್ಟಿರಲಿಲ್ಲ.

"ಕೊಡಬೇಕು ಖರೇರಿ" ಎಂದಳು ಅವಳು. "ಆದ್ರ ನನ್ನ ಮೈಯಾಗ ಕೊಡಾಕ ಏನ ಐತ್ರಿ ಅಜ್ಜಾರ? ನನಗಽ ಯಾರೂ ಕೊಟ್ಟಿಲ್ಲ."

ಗುರುಗಳು ಅವಳ ಮುಂದಿನ ತಾಟನ್ನೊಮ್ಮೆ ನೋಡಿ, ಆಮೇಲೆ ಅವಳ ಮುಖ ನೋಡಿದರು.

"ಹುಟ್ಟಿದಾಗಿಂದ ಒಂದು ಹನಿ ಗಿಣ್ಣ ಕುಡೀಲಾರದ ಆ ಕಡ್ಡಿ ಕೆಚ್ಚಲದಾಗ ಗಿಣ್ಣ ಎಲ್ಲಿಂದ ಬಂತವಾ?"

ನಿಂಬೆವ್ವ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. ತಾಟನ್ನು ಹತ್ತಿರಕ್ಕೆ ಎಳೆದುಕೊಂಡು ರೊಟ್ಟಿ ಮುರಿದಳು.