ಹಾಲಿನ ಸಕ್ಕರೆ ಒಲ್ಲದ ನೆಂಟ

ಮಾದೇವಿ ಅನ್ನೋ ಹುಡುಗಿಗೆ ಜ್ವರ ಬಿಡದೆ ಕಾಯುತ್ತಿತ್ತಂತೆ. ಯಾವ ಕ್ರಿಮಿಯ ಕೆಲಸ ಎಂದು ತಿಳಿಯದೆ ಯಾವ ಮದ್ದು ಕೊಡುವುದು? ಲ್ಯಾಬಿನ ನಸೀಮಾ ಅವಳ ಹೊಟ್ಟೆಯ ಕ್ರಿಮಿಯನ್ನು ಹಿಡಿದು ಬೆಳೆಸಿ, ಕೆಂಪು ನೀರಿನ ಎರಡು ಗಾಜಿನ ಕೊಳವೆಗಳಿಗೆ ಬಿಟ್ಟಳು. ಒಂದರಲ್ಲಿ ಹಾಲಿನ ಸಕ್ಕರೆ, ಇನ್ನೊಂದರಲ್ಲಿ ದ್ರಾಕ್ಷಿ ಸಕ್ಕರೆ. ಕ್ರಿಮಿ ತಿಂದರೆ ನೀರು ಹಳದಿಯಾಗುತ್ತದೆ, ತೇಗಿದರೆ ಗುಳ್ಳೆ ಏಳುತ್ತದೆ. ಗುಟ್ಟೆಲ್ಲ ಅಷ್ಟೇ ಕಣ್ರೋ.

ಆ ಕ್ರಿಮಿಯೋ ಟೈಫಾಯ್ಡಿನದು, ಬಾಯಿ ಬಿಟ್ಟರೆ ಬರೀ ಬೊಗಳೆ. "ಅಕ್ಕಾ, ನಾನು ಹೊರಗಿನವನಲ್ಲ. ಎಲ್ಲರ ಹೊಟ್ಟೆಯಲ್ಲೂ ಕೇಡು ಮಾಡದೆ ಬಾಳುವ ಸಾಧು ಮನೆತನದವನು" ಎಂದು ಹಾಲಿನ ಸಕ್ಕರೆಯ ಕೊಳವೆಗೆ ಹೇಳಿತು.

"ಹೌದೇ ತಮ್ಮಾ? ನಿಮ್ಮ ಮನೆತನದವರಿಗೆ ಹಾಲಿನ ಸಕ್ಕರೆ ಎಂದರೆ ಪ್ರಾಣ. ಕೂತು ಉಣ್ಣು" ಎಂದಿತು ಆ ಕೊಳವೆ.

ಕ್ರಿಮಿ ತಡವರಿಸಿತು. ಹಾಲಿನ ಸಕ್ಕರೆ ಅದಕ್ಕೆ ದಕ್ಕುವುದೇ ಇಲ್ಲ! "ಇವತ್ತು ನನಗೆ ಒಪ್ಪೊತ್ತು, ಅಕ್ಕಾ."

ಪಕ್ಕದ ಕೊಳವೆಯಲ್ಲಿ ದ್ರಾಕ್ಷಿ ಸಕ್ಕರೆ ಕಂಡದ್ದೇ ತಡ, ಒಪ್ಪೊತ್ತು ಮರೆತು ಗಬಗಬನೆ ತಿಂದಿತು. ಒಂದು ತೇಗೂ ಬರಲಿಲ್ಲ. ಆ ಸಾಧು ಮನೆತನದವರು ತೇಗದೆ ಏಳುವವರೇ ಅಲ್ಲ.

ಬೆಳಗ್ಗೆ ನಸೀಮಾ ನೋಡಿದರೆ ಒಂದು ಕೊಳವೆ ಕೆಂಪು, ಒಂದು ಹಳದಿ, ಗುಳ್ಳೆಯ ಸುಳಿವಿಲ್ಲ. ಇದು ಸಾಧುವಲ್ಲ, ಟೈಫಾಯ್ಡಿನದೇ ಎಂದು ಉಳಿದ ಪರೀಕ್ಷೆಗಳೂ ಹೇಳಿದವು. ಮಾದೇವಿಗೆ ತಕ್ಕ ಮದ್ದು ಹೋಯಿತು.

"ಅಯ್ಯೋ, ನಾನು ಎಲ್ಲೂ ಬಾಯಿ ತಪ್ಪಿ ಆಡಲಿಲ್ಲವಲ್ಲ!" ಎಂದು ಕ್ರಿಮಿ ಗೋಳಿಟ್ಟಿತು.

"ನಿನ್ನ ಮಾತನ್ನು ಕೇಳಿದವರು ಯಾರಪ್ಪಾ?" ಎಂದಿತು ಕೊಳವೆ. "ನಾವು ನೋಡಿದ್ದು ನೀನು ಉಂಡೆದ್ದ ಎಲೆಯನ್ನು."