ಮರಗಟ್ಟದ ತುಟಿ

"ಸರ್, ನಾನು ಆಡುವ ಒಂದು ಮಾತಿನಿಂದ ಗೆಳತಿಯ ಆರು ತಿಂಗಳು ಹಾಳಾಗುತ್ತದೆ ಅಂತಾದರೆ, ಆ ಮಾತು ಆಡಲೇಬೇಕೇ?"

ವಿಶ್ವವಿದ್ಯಾಲಯದ ದಂತ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದ ನಫೀಸಾ, ಡಾಕ್ಟರ್ ಕಬ್ಬೂರರ ಮೇಜಿನ ಮುಂದೆ ನಿಂತು ಹೀಗೆ ಕೇಳಿದಳು. ಪ್ರಶ್ನೆ ಬಹಳ ಸ್ಪಷ್ಟವಾಗಿತ್ತು. ತುಟಿ ಮರಗಟ್ಟಿದವರು ಅಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಕಬ್ಬೂರರು ಅದನ್ನು ಗಮನಿಸಿದರು. ಗಮನಿಸದವರಂತೆ ಶೇಂಗಾ ಸುಲಿಯುತ್ತ ಕೂತರು.

ಆ ವಿಭಾಗದಲ್ಲಿ ಒಂದು ಪದ್ಧತಿ ಇತ್ತು. ರೋಗಿಯ ಬಾಯಿಗೆ ಸೂಜಿ ಹಾಕುವ ಮೊದಲು ವಿದ್ಯಾರ್ಥಿಗಳು ಒಬ್ಬರ ಬಾಯಿಗೆ ಒಬ್ಬರು ಹಾಕಬೇಕು. ಕೆಳದವಡೆಯ ನರದ ಹತ್ತಿರ, ನೋವು ತಿಳಿಯದಂತೆ ಮಾಡುವ ಔಷಧ ಸರಿಯಾಗಿ ಬಿದ್ದರೆ ಅರ್ಧ ತುಟಿ ಮರಗಟ್ಟುತ್ತದೆ. ಮರಗಟ್ಟಿತೋ ಇಲ್ಲವೋ ಎಂದು ಹೇಳಬೇಕಾದವರು ಚುಚ್ಚಿಸಿಕೊಂಡವರು. ಬೇರೆ ಕಡೆ ಮೇಷ್ಟ್ರೇ ತುಟಿಗೆ ಸೂಜಿಮೊನೆ ಒತ್ತಿ ಪರೀಕ್ಷೆ ಮಾಡುತ್ತಾರಂತೆ. ಕಬ್ಬೂರರು ಮಾಡುತ್ತಿರಲಿಲ್ಲ. ಮುಂದೆ ಜೀವಮಾನವಿಡೀ ರೋಗಿಯ ಮಾತನ್ನು ನಂಬಿ ಬದುಕಬೇಕಾದವರು, ಈಗಿನಿಂದಲೇ ಒಬ್ಬರ ಮಾತನ್ನೊಬ್ಬರು ನಂಬಲಿ ಎಂಬುದು ಅವರ ವಾದ.

ಅಂದು ಬೆಳಿಗ್ಗೆ ನಫೀಸಾಗೆ ಸೂಜಿ ಹಾಕಿದವಳು ಭಾರ್ಗವಿ. ಅವಳಿಗೆ ಇದು ಕೊನೆಯ ಅವಕಾಶ. ಹಿಂದೆ ಅವಳ ಜೋಡಿಯಾಗಿದ್ದವರು ಮರಗಟ್ಟಲಿಲ್ಲ ಎಂದು ಹೇಳಿಬಿಟ್ಟಿದ್ದರು. ಈ ಸಲವೂ ಅದೇ ಆದರೆ ಅವಳು ಕೆಳಗಿನ ಬ್ಯಾಚಿನ ಮಕ್ಕಳ ಜೊತೆ ಕೂತು ಆರು ತಿಂಗಳು ಮತ್ತೆ ಕಲಿಯಬೇಕು. ಸೂಜಿ ಹಿಡಿದು ಬಂದವಳು ಮೆಲ್ಲಗೆ, "ಎಲ್ಲ ನಿನ್ನ ಕೈಯಲ್ಲಿದೆ ಕಣೇ" ಅಂದಿದ್ದಳು. ರಂಜಾನಿನಲ್ಲಿ ನಸುಕಿಗೆ ಮೊದಲೇ ಎದ್ದು, ಹಾಸ್ಟೆಲಿನ ಅಡುಗೆಮನೆಯ ಬೀಗ ತೆಗೆಸಿ, ನಫೀಸಾಗೆ ಚಪಾತಿ ಬಿಸಿ ಮಾಡಿ ಕೊಡುತ್ತಿದ್ದವಳೂ ಇದೇ ಭಾರ್ಗವಿ.

ನಫೀಸಾಳ ತುಟಿ ಒಂದಿಷ್ಟು ಜುಮ್ಮೆಂದಿತು. ಅಷ್ಟೇ. ಮೇಷ್ಟ್ರು ಕೇಳಿದಾಗ, ಇನ್ನೂ ಸ್ವಲ್ಪ ಹೊತ್ತು ಬೇಕು ಎಂದು ತಪ್ಪಿಸಿಕೊಂಡಿದ್ದಳು. ಭಾರ್ಗವಿ ಈಗ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು.

ಕಬ್ಬೂರರು ಪಾಠಕ್ಕೆ ಹೆಸರಾದಷ್ಟೇ ಕುಚೇಷ್ಟೆಗೂ ಹೆಸರಾದವರು. ಮೊದಲ ವರ್ಷದವರಿಗೆ ಮೇಣದ ಪೇಡೆ ಹಂಚಿ, ಕಚ್ಚಿದ ಗುರುತು ನೋಡಿ ಇದು ಯಾರ ಹಲ್ಲು ಎಂದು ಹೇಳುತ್ತಿದ್ದರು. ಹೇಳಿದ್ದು ಹೆಚ್ಚಾಗಿ ತಪ್ಪಿರುತ್ತಿತ್ತು. ಹಾಗಾದರೆ ಹಲ್ಲೇ ಸುಳ್ಳು ಹೇಳುತ್ತಿದೆ ಎನ್ನುತ್ತಿದ್ದರು. ಅವರ ಕತೆಗಳೂ ಹಾಗೇ. ಸಂತೆಯ ತಕ್ಕಡಿಯ ಹಾಗೆ, ಒಂದಿಷ್ಟು ಕಳೆದೇ ತೂಕ ಲೆಕ್ಕ ಹಾಕಬೇಕು. ಆದರೂ ಕೇಳದೆ ಎದ್ದು ಹೋದವರಿಲ್ಲ.

ಅವರು ಕುರ್ಚಿ ತೋರಿಸಿದರು. ನಫೀಸಾ ಕೂತಳು. ಅವರು ಶೇಂಗಾದ ಸಿಪ್ಪೆ ಪಕ್ಕಕ್ಕೆ ಸರಿಸಿ ಕತೆ ಶುರು ಮಾಡಿದರು.

ಒಂದು ಊರು. ಆ ಊರಿನಲ್ಲೊಂದು ಹಲ್ಲಿನ ಕಾಲೇಜು. ಅಲ್ಲಿ ಒಬ್ಬ ನೇಕಾರನ ಮಗ, ಒಬ್ಬ ವ್ಯಾಪಾರಿಯ ಮಗ ಜೊತೆಯಲ್ಲಿ ಕಲಿಯುತ್ತಿದ್ದರು. ಒಂದೇ ಕೋಣೆ, ಒಂದೇ ಸೋಪು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಕೆಮ್ಮುತ್ತಿದ್ದ.

ನಫೀಸಾ ಇಲ್ಲಿ ತಡೆದಳು. ಇದೇ ಕತೆಯನ್ನು ಸೀನಿಯರುಗಳಿಗೆ ಹೇಳುವಾಗ ಅವನು ಕುಂಬಾರನ ಮಗನಾಗಿದ್ದನಂತಲ್ಲ ಎಂದು ಕೇಳಿದಳು. ಆಗಿದ್ದ, ಈಗ ನೇಕಾರನ ಮಗ, ತುಟಿ ಮಾತ್ರ ಅದೇ ಎಂದು ಕಬ್ಬೂರರು ಮುಂದುವರಿಸಿದರು.

ವ್ಯಾಪಾರಿಯ ಮಗ ಕೈಚಳಕದವನು. ಅಭ್ಯಾಸಕ್ಕಿಟ್ಟ ರಬ್ಬರಿನ ತಲೆಯ ಮೇಲೆ ಅವನು ಸೂಜಿ ಹಿಡಿದರೆ ಉಳಿದವರು ಸುತ್ತ ನಿಂತು ನೋಡುತ್ತಿದ್ದರು. ಮನುಷ್ಯರ ಬಾಯಿಗೆ ಬರುವ ದಿನ ಬಂತು. ನೇಕಾರನ ಮಗ ಬಾಯಿ ತೆರೆದು ಕೂತ. ವ್ಯಾಪಾರಿಯ ಮಗ ಔಷಧ ಹಾಕಿದ. ಮೇಷ್ಟ್ರು ಬಂದು ಕೇಳಿದರು. ತುಟಿ ಅರ್ಧಂಬರ್ಧ ಜುಮ್ಮೆನ್ನುತ್ತಿತ್ತು. ನೇಕಾರನ ಮಗ ಗೆಳೆಯನ ಮುಖ ನೋಡಿದ. ಮರಗಟ್ಟಿದೆ ಎಂದ. ಮೇಷ್ಟ್ರು ತೇರ್ಗಡೆ ಮಾಡಿದರು. ಕೂಡಲೇ ಇಬ್ಬರೂ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದರು. ಅರ್ಧ ತುಟಿ ಮರಗಟ್ಟಿದವನು ಚಟ್ನಿಯನ್ನು ಒಂದು ಹನಿಯೂ ಚೆಲ್ಲದೆ ಹೇಗೆ ತಿಂದ ಎಂದು ವ್ಯಾಪಾರಿಯ ಮಗ ಕೇಳಲಿಲ್ಲ. ಗೆದ್ದವರು ಇಂಥದನ್ನೆಲ್ಲ ಕೇಳುವುದಿಲ್ಲ.

ಸ್ವಲ್ಪ ಕಾಲ ಕಳೆಯಿತು. ಒಂದು ದಿನ ಒಬ್ಬ ಹೂವಾಡಗಿತ್ತಿ ಬಂದಳು. ಕೆಳದವಡೆಯ ಹಲ್ಲು ಕೀಳಿಸಬೇಕಿತ್ತು. ವ್ಯಾಪಾರಿಯ ಮಗ ಔಷಧ ಹಾಕಿದ, ಕಾದ, ಇಕ್ಕಳ ಹಿಡಿದ. ಪಕ್ಕದಲ್ಲಿ ನೇಕಾರನ ಮಗ ದೀಪ ಹಿಡಿದು ನಿಂತಿದ್ದ. ಹೂವಾಡಗಿತ್ತಿ ನೋವು ಎಂದಳು. ನೋವಾಗಲು ಸಾಧ್ಯವೇ ಇಲ್ಲ, ಇದು ಬರೀ ಹೆದರಿಕೆ ಎಂದು ವ್ಯಾಪಾರಿಯ ಮಗ ನಕ್ಕ. ಅವನು ಸುಳ್ಳು ಹೇಳಲಿಲ್ಲ. ಅವನ ಕೈ ತಪ್ಪುವುದಿಲ್ಲ ಎಂದು ಅವನು ನಿಜವಾಗಿ ನಂಬಿದ್ದ. ಅವಳು ಮತ್ತೆ ನೋವು ಎಂದಳು. ಇಷ್ಟು ದೊಡ್ಡ ಹೆಂಗಸಾಗಿ ಮಕ್ಕಳ ಹಾಗೆ ಆಡುತ್ತೀಯಲ್ಲಮ್ಮ ಎಂದ. ಮೂರನೇ ಸಲ, ಈಗ ಮರಗಟ್ಟಿದೆ ತಾನೇ ಎಂದು ಅವನೇ ಕೇಳಿದ.

ಅವಳು, ಹೌದು ಸ್ವಾಮಿ, ಮರಗಟ್ಟಿದೆ ಎಂದಳು.

ಹಲ್ಲು ಬಂತು. ಹೂವಾಡಗಿತ್ತಿಯ ಕಣ್ಣಿನಿಂದ ನೀರು ಕಿವಿಯ ತನಕ ಇಳಿದಿತ್ತು. ವ್ಯಾಪಾರಿಯ ಮಗನ ಕಣ್ಣು ಹಲ್ಲಿನ ಮೇಲಿತ್ತು. ಬೇರು ಮುರಿಯದೆ ಬಂದಿದೆ ನೋಡೋ ಎಂದು ಗೆಳೆಯನಿಗೆ ತೋರಿಸಿದ. ನೇಕಾರನ ಮಗನ ಕಣ್ಣು ಮಾತ್ರ ಆ ನೀರಿನ ಮೇಲಿತ್ತು.

ಅವನು ನೇರ ಮೇಷ್ಟ್ರ ಹತ್ತಿರ ಹೋದ. ಆದದ್ದನ್ನೆಲ್ಲ ಹೇಳಿದ. ಮೇಷ್ಟ್ರು ಕೇಳಿದರು, "ಅವತ್ತು ನಿನ್ನ ತುಟಿ ಮರಗಟ್ಟಿತ್ತೇನಯ್ಯಾ?"

"ಅರ್ಧಂಬರ್ಧ, ಸರ್. ಅವನಿಗೆ ಬೇಜಾರಾಗುತ್ತದೆ ಅಂತ..."

"ಅವನನ್ನು ರಬ್ಬರಿನ ತಲೆ ಬಿಡಿಸಿ ನಿನ್ನ ಹತ್ತಿರ ಕಳಿಸಿದ್ದು ಯಾಕೆ? ರಬ್ಬರು ಬಾಯಿ ಬಿಟ್ಟು ಹೇಳುವುದಿಲ್ಲ ಅಂತ. ನೀನೂ ಹೇಳಲಿಲ್ಲ. ನೀನು ಹೇಳದೆ ನುಂಗಿದ್ದನ್ನು ಇವತ್ತು ಆ ಹೆಂಗಸು ಅತ್ತಳು."

ಶೇಂಗಾ ಸುಲಿಯುವುದು ನಿಂತಿತ್ತು. ನಫೀಸಾ ತನ್ನ ಕೆಳತುಟಿಯನ್ನು ಹಲ್ಲಿನಿಂದ ಒತ್ತಿ ನೋಡಿಕೊಂಡಳು. ಒತ್ತಿದ್ದು ಚೆನ್ನಾಗಿಯೇ ಗೊತ್ತಾಯಿತು. ಆದರೆ ಅವನು ಹಾಗೆ ಹೇಳಿದ್ದು ಪ್ರೀತಿಯಿಂದಲ್ಲವೇ ಎಂದಳು. ಪ್ರೀತಿಯಿಂದಲೇ, ಅದರಲ್ಲಿ ಅನುಮಾನವಿಲ್ಲ ಎಂದರು ಕಬ್ಬೂರರು. ವಾದಕ್ಕೆ ನಿಂತಿದ್ದವಳಿಗೆ ಎದುರಾಳಿಯೇ ಎದ್ದು ಹೋದ ಹಾಗಾಯಿತು.

ಕತೆಯ ಮೇಷ್ಟ್ರು ವ್ಯಾಪಾರಿಯ ಮಗನನ್ನು ಕರೆಸಿ, ರೋಗಿಗಳನ್ನು ಮುಟ್ಟಕೂಡದು ಎಂದು ತಡೆದರು. ನೇಕಾರನ ಮಗನೇ ಅವನ ಮುಂದೆ ನಿಂತು, ಅಂದು ನಾನು ಸುಳ್ಳು ಹೇಳಿದ್ದೆ ಎಂದ. ವ್ಯಾಪಾರಿಯ ಮಗ ನಂಬಲಿಲ್ಲ. ನಂಬಿದ ಮೇಲೆ ಉರಿದುಬಿದ್ದ. ನನ್ನ ಕೈಚಳಕಕ್ಕೆ ಹೊಟ್ಟೆಕಿಚ್ಚುಪಟ್ಟು ಈಗ ಕತೆ ಕಟ್ಟುತ್ತಿದ್ದೀಯಾ ಎಂದ. ಕೋಣೆ ಬದಲಾಯಿಸಿದ. ಸೋಪನ್ನೂ ಕತ್ತರಿಸಿ ಅರ್ಧ ತೆಗೆದುಕೊಂಡು ಹೋದ ಎಂದು ಕಬ್ಬೂರರು ಸೇರಿಸಿದರು. ಇದು ಅವರು ಆಗಷ್ಟೇ ಕಟ್ಟಿದ್ದೆಂದು ನಫೀಸಾಗೆ ಗೊತ್ತಾಯಿತು. ನಗು ಮಾತ್ರ ಬರಲಿಲ್ಲ.

ಮುಂದಿನ ವಾರ ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ನೇಕಾರನ ಮಗ ಬಂದು ಖಾಲಿ ಕುರ್ಚಿಯಲ್ಲಿ ಕೂತ. ಬಾಯಿ ತೆರೆದ. ವ್ಯಾಪಾರಿಯ ಮಗ ನೋಡಿದ, ನೋಡದವನ ಹಾಗೆ ಹೊರಗೆ ಹೋದ. ಅದರ ಮುಂದಿನ ವಾರವೂ ಬಂದು ಕೂತ. ಹುಡುಗರು ನಕ್ಕರು. ನೊಣ ಹಿಡಿಯುತ್ತಿದ್ದೀಯೇನೋ ಎಂದು ಕೇಳಿದರು. ಅವನು ಏಳಲಿಲ್ಲ. ಹಾಗೆ ಎಷ್ಟೋ ವಾರ.

ಒಂದು ಮಧ್ಯಾಹ್ನ ವ್ಯಾಪಾರಿಯ ಮಗ ತಡೆಯಲಾರದೆ ಕೈಗವಸು ಹಾಕಿಕೊಂಡ. ಇವನ ಬಾಯಿ ಮುಚ್ಚಿಸಿಬಿಡುತ್ತೇನೆ ಎಂಬ ಸಿಟ್ಟು. ಮೇಷ್ಟ್ರು ಹಿಂದೆ ಬಂದು ನಿಂತರು. ಅವನು ಔಷಧ ಹಾಕಿದ. ಕಾದ. ಮರಗಟ್ಟಿತೇ ಎಂದು ಕೇಳಿದ.

ಇಲ್ಲ ಎಂದ ನೇಕಾರನ ಮಗ.

ಆ ಒಂದು ಇಲ್ಲ, ಸೂಜಿ ಹಾಕಿಸಿಕೊಂಡವನಿಗಿಂತ ಹಾಕಿದವನಿಗೆ ಹೆಚ್ಚು ನೋವು ಮಾಡಿತು. ವ್ಯಾಪಾರಿಯ ಮಗ ಹೊರಟು ಹೋದ. ಮುಂದಿನ ವಾರ ತಾನೇ ಮೊದಲು ಬಂದು ನಿಂತಿದ್ದ. ಆ ಸಲವೂ ಇಲ್ಲ. ಅದರ ಮುಂದಿನ ಸಲವೂ ಇಲ್ಲ. ಇಬ್ಬರೂ ಬೇರೆ ಮಾತಾಡುತ್ತಿರಲಿಲ್ಲ. ವಾರಕ್ಕೊಂದು ಪ್ರಶ್ನೆ, ವಾರಕ್ಕೊಂದು ಉತ್ತರ.

ಕೊನೆಗೆ ವ್ಯಾಪಾರಿಯ ಮಗ ಸೂಜಿಯನ್ನು ಕೆಳಗಿಟ್ಟ. ಹೆಬ್ಬೆರಳನ್ನು ಗೆಳೆಯನ ಬಾಯೊಳಗೆ ಹಾಕಿ ದವಡೆಯ ಮೂಳೆಯನ್ನು ತಡವಿದ. ನಿಧಾನವಾಗಿ, ಕುರುಡ ಮುಖ ಮುಟ್ಟಿ ಗುರುತು ಹಿಡಿಯುವ ಹಾಗೆ. ರಬ್ಬರಿನ ತಲೆಯಲ್ಲಿ ಕಲಿತ ಎತ್ತರವೊಂದನ್ನೇ ಅವನು ಲೋಕದ ಎಲ್ಲ ಬಾಯಿಗಳಿಗೂ ಹೊಂದಿಸುತ್ತಿದ್ದ. ಈ ದವಡೆ ಅದಕ್ಕಿಂತ ಎತ್ತರದ್ದು. ಮೂಳೆ ಎಲ್ಲಿ ಬಾಗುತ್ತದೆ ಎಂದು ಬೆರಳಿಗೆ ಸಿಕ್ಕಿತು. ಅಲ್ಲಿ ಬೆರಳು ಊರಿ, ಸೂಜಿಯನ್ನು ಒಂದಿಷ್ಟು ಮೇಲಕ್ಕೆ ಹಿಡಿದು ಔಷಧ ಹಾಕಿದ. ಕಾದ. ಈ ಸಲ ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ನೇಕಾರನ ಮಗನೇ ಹೇಳಲು ಹೋದ. ಮರಗಟ್ಟಿದೆ ಎಂಬ ಮಾತು ತುಟಿಯಲ್ಲಿ ನಿಲ್ಲದೆ, ಜೊಲ್ಲಿನ ಜೊತೆ ಗದ್ದದ ಮೇಲೆ ಇಳಿಯಿತು. ಏನಂದ ಎಂದು ಯಾರಿಗೂ ತಿಳಿಯಲಿಲ್ಲ. ತಿಳಿಯದೆ ಇದ್ದದ್ದರಿಂದಲೇ ಎಲ್ಲರಿಗೂ ತಿಳಿಯಿತು. ವ್ಯಾಪಾರಿಯ ಮಗ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕೈಗವಸು ಬಿಚ್ಚುತ್ತಿದ್ದ.

ಅವನು ಆಮೇಲೆ ಡಾಕ್ಟರಾದ. ಅವನ ಊರಿನವರು ಅವನ ಬಗ್ಗೆ ಹೇಳುವುದು ಒಂದೇ: ಆ ಪುಣ್ಯಾತ್ಮನ ಮುಂದೆ ನೋವು ಅಂದರೆ ಸಾಕು, ಇಕ್ಕಳ ಕೆಳಗಿಡುತ್ತಾನೆ.

ಕಬ್ಬೂರರು ಕತೆ ನಿಲ್ಲಿಸಿದರು. ನಫೀಸಾ ಬಾಗಿಲ ಕಡೆ ನೋಡಿದಳು. ಹೊರಗೆ ಹೋದ ಕೂಡಲೇ ಭಾರ್ಗವಿ ಎದ್ದು ನಿಲ್ಲುತ್ತಾಳೆ, ಮುಖ ನೋಡುತ್ತಾಳೆ. ನಾಳೆಯಿಂದ ಊಟದ ಮೇಜಿನಲ್ಲಿ ಬೇರೆ ಕಡೆ ಕೂರಬಹುದು. ಮುಂದಿನ ರಂಜಾನಿನಲ್ಲಿ ನಸುಕಿಗೆ ಮೊದಲು ತಾನೊಬ್ಬಳೇ ಏಳಬೇಕಾಗಬಹುದು. ಅದೆಲ್ಲವನ್ನೂ ಒಂದು ಸಲ ಮನಸ್ಸಿನಲ್ಲಿ ಆಡಿಸಿಕೊಂಡಳು. ಆಮೇಲೆ ಎದ್ದು ನಿಂತು, ತುಟಿ ಮರಗಟ್ಟಿಲ್ಲ ಎಂದು ಹೇಳಿದಳು. ಕಬ್ಬೂರರು ಬರೆದುಕೊಂಡರು.

ಭಾರವಾದದ್ದನ್ನು ಇಳಿಸಿದೆ ಎಂಬ ಸಮಾಧಾನದಲ್ಲಿ ಅವಳು ಬಾಗಿಲ ತನಕ ಹೋದಳು. ಅಲ್ಲಿ ನಿಂತು, ಕತೆಯಲ್ಲಿ ಉಳಿದಿದ್ದ ಒಂದನ್ನು ಕೇಳಿದಳು.

"ಸರ್, ಆ ನೇಕಾರನ ಮಗ ಒಟ್ಟು ಎಷ್ಟು ಸಲ ಬಾಯಿ ತೆರೆದು ಕೂರಬೇಕಾಯಿತು?"

ಕಬ್ಬೂರರು ಇನ್ನೊಂದು ಶೇಂಗಾ ಕೈಗೆತ್ತಿಕೊಂಡರು.

"ಅದು ಭಾರ್ಗವಿ ಎಷ್ಟು ಬೇಗ ಕಲಿಯುತ್ತಾಳೆ ಎಂಬುದರ ಮೇಲಿದೆ ಕಣಮ್ಮ."