ಕುಡುಗೋಲು ಗುರುತಿನ ಗಡಿಗೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಬುದ್ಧೀ, ಒಂದು ವಿವರ ಹೊಸದೋ ಹಳೆಯದೋ ಎಂದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ?”

ಆ ಶಿಷ್ಯ ಮಠದ ವಿದ್ಯಾರ್ಥಿನಿಲಯದ ಕೆಲಸ ನೋಡಿಕೊಳ್ಳುತ್ತಿದ್ದ. ಸೇರಲು ಬಂದ ಮಕ್ಕಳ ವಿವರವನ್ನು ಕಂಪ್ಯೂಟರಿನ ಕೋಷ್ಟಕಕ್ಕೆ ತುಂಬುವುದು ಅವನ ಪಾಲಿಗೆ ಬಂದಿತ್ತು. ಒಂದು ಮಗುವಿಗೆ ಒಂದು ಸಾಲು. ಕೋಷ್ಟಕದಲ್ಲಿ ಸಾಲು ಇದ್ದ ಮಗುವಿಗೆ ಹಾಸಿಗೆ ಸಿಗುತ್ತದೆ. ಇಲ್ಲದ ಮಗು ಊರಿಗೆ ಹಿಂದಿರುಗಬೇಕು.

“ಯಂತ್ರಕ್ಕೆ ನೀನು ಏನು ಹೇಳಿದ್ದೀಯೆ?” ಎಂದರು ಗುರುಗಳು.

“ಮನೆಯ ಫೋನ್ ನಂಬರನ್ನು ಗುರುತಾಗಿ ಇಟ್ಟಿದ್ದೇನೆ. ಒಂದು ನಂಬರಿಗೆ ಎರಡು ಸಾಲು ಇರಕೂಡದು ಎಂದು ಕಟ್ಟುಪಾಡು ಹಾಕಿದ್ದೇನೆ. ನಂಬರು ಹೊಸದಾದರೆ ಸಾಲು ಸೇರಿಸು, ಮೊದಲೇ ಇದ್ದರೆ ಆ ಸಾಲನ್ನೇ ತಿದ್ದು ಎಂದು ಒಂದೇ ಆಜ್ಞೆ ಕೊಟ್ಟಿದ್ದೇನೆ. ತಡವರಿಸದೆ ಮಾಡುತ್ತಿದೆ. ಅದು ಹೇಗೆ ಗುರುತು ಹಿಡಿಯುತ್ತದೆ ಎಂಬುದೇ ನನಗೆ ಸೋಜಿಗ.”

“ಕೂತುಕೋ,” ಎಂದರು ಗುರುಗಳು. “ನಡುವೆ ಬಾಯಿ ಹಾಕದೆ ಕೇಳು.”

ಒಂದು ಊರಿನಲ್ಲಿ ಬೀಜದ ಮನೆಯಿತ್ತು. ಬಿತ್ತನೆಯ ಕಾಳು ಸ್ವಂತ ಮನೆಯಲ್ಲಿದ್ದರೆ ಎಂದಾದರೂ ಒಲೆ ಏರುತ್ತದೆ ಎಂಬ ಹೆದರಿಕೆ ಆ ಊರಿನವರಿಗೆ. ಆದ್ದರಿಂದ ಸುಗ್ಗಿ ಮುಗಿದೊಡನೆ ಎಲ್ಲರೂ ಬೀಜವನ್ನು ಅಲ್ಲಿ ತಂದಿಡುತ್ತಿದ್ದರು. ಕಾವಲುಗಾರನೊಬ್ಬ ಅದನ್ನು ಬೂದಿಯಲ್ಲಿ ಕಲಸಿ, ಗಡಿಗೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದ.

ಮೊದಲು ಗಡಿಗೆಗಳಿಗೆ ಗುರುತು ಇರಲಿಲ್ಲ. ಒಬ್ಬ ರೈತ ಕಾಳು ತಂದ. ಆಮೇಲೆ ಅದಕ್ಕಿಂತ ಗಟ್ಟಿ ಕಾಳು ಸಿಕ್ಕಿತೆಂದು ಮತ್ತೆ ತಂದ. ಎರಡೂ ಬೇರೆ ಬೇರೆ ಗಡಿಗೆಯಲ್ಲಿ ಕೂತವು. ಬಿತ್ತುವ ದಿನ ಅವನ ಕೈಗೆ ಜೊಳ್ಳು ಬಂತು. ಗಟ್ಟಿ ಕಾಳು ಮೂಲೆಯಲ್ಲಿ ಹುಳ ಹಿಡಿಯಿತು.

ಊರ ಗೌಡ ನಿಯಮ ಮಾಡಿದ. ಒಬ್ಬ ರೈತನಿಗೆ ಒಂದು ಗುರುತು. ಒಂದು ಗುರುತಿಗೆ ಒಂದೇ ಗಡಿಗೆ. ಒಬ್ಬನಿಗೆ ಮೀನು, ಒಬ್ಬನಿಗೆ ನೊಗ, ಒಬ್ಬಳಿಗೆ ಕುಡುಗೋಲು. ಕುಂಬಾರ ಹಸಿ ಗಡಿಗೆಯ ಕೊರಳ ಮೇಲೆ ಗುರುತು ಕೊರೆದು ಸುಡುತ್ತಿದ್ದ. ಬಂದವರ ಗುರುತಿನ ಗಡಿಗೆ ಇಲ್ಲದಿದ್ದರೆ ಕಾವಲುಗಾರ ಹೊಸದನ್ನು ಇಡಬೇಕು. ಇದ್ದರೆ ಹಳೆಯ ಕಾಳು ತೆಗೆದು, ಈಗ ತಂದದ್ದನ್ನು ತುಂಬಬೇಕು. ತೆಗೆದ ಕಾಳನ್ನು ಬೀಜದ ಮನೆ ಸಾರಿಸುವ ದಿನ ತೊಳೆದು, ಬೀಸಿ, ಊರಿಗೆಲ್ಲ ಅಂಬಲಿ ಮಾಡುತ್ತಿದ್ದರು.

ನಿಯಮ ಚೆನ್ನಾಗಿ ನಡೆಯಿತು. ಏಕೆಂದರೆ ಆ ಊರಿನಲ್ಲಿ ಎಲ್ಲರೂ ಬೆಳೆಯುತ್ತಿದ್ದದ್ದು ರಾಗಿ ಒಂದನ್ನೇ.

ಕುಡುಗೋಲು ಗುರುತಿನ ರೈತ ಹೆಂಗಸಿನ ಬಳಿ ತವರಿನಿಂದ ಬಂದ ರಾಗಿಯಿತ್ತು. ಅದರ ತೆನೆ ಮುಷ್ಟಿಯಂತೆ ಮುಚ್ಚಿಕೊಂಡಿರುತ್ತಿತ್ತು. ತವರಿನವರು ಕಬ್ಬಿಗೆ ತಿರುಗಿದ ಮೇಲೆ ಅದು ಉಳಿದದ್ದು ಅವಳೊಬ್ಬಳ ಹೊಲದಲ್ಲಿ. ಆ ವರ್ಷವೂ ಸುಗ್ಗಿಯಲ್ಲಿ ಅದನ್ನು ತಂದು ತನ್ನ ಗಡಿಗೆಗೆ ತುಂಬಿಸಿದಳು. ಆದರೆ ಆ ಸಲ ದಿಬ್ಬದ ಮೇಲೆ ಹುರುಳಿಯನ್ನೂ ಚೆಲ್ಲಿದ್ದಳು. ಅದು ತಡವಾಗಿ ಕೊಯ್ಲಿಗೆ ಬಂತು. ಅದರ ಬೀಜವನ್ನೂ ಬುಟ್ಟಿಯಲ್ಲಿ ತಂದು ಕಾವಲುಗಾರನ ಮುಂದಿಟ್ಟು, ಕಣದಲ್ಲಿ ಎತ್ತು ಕಾಯುತ್ತಿವೆ ಎಂದು ಹೊರಟುಹೋದಳು.

ಕಾವಲುಗಾರ ಬುಟ್ಟಿ ನೋಡಿದ. ಕಾಳು ಬೇರೆ ಎಂದು ಅವನಿಗೂ ಕಂಡಿತು. ಆದರೆ ನಿಯಮ ಯಾವ ಕಾಳೆಂದು ಕೇಳುತ್ತಿರಲಿಲ್ಲ, ಯಾರದೆಂದು ಕೇಳುತ್ತಿತ್ತು. ಕುಡುಗೋಲಿನ ಗಡಿಗೆ ಇದೆಯೇ? ಇದೆ. ರಾಗಿಯನ್ನು ಹೊರಗೆ ಸುರಿದ. ಹುರುಳಿಯನ್ನು ತುಂಬಿದ. ಬಾಯಿಗೆ ಮಣ್ಣು ಮೆತ್ತಿದ.

ಸಾರಿಸುವ ದಿನ ಬಂತು. ಅಂಬಲಿ ಕಾಯಿಸಿದರು. ಆ ಹೆಂಗಸೂ ಎಲ್ಲರ ಜೊತೆ ಕೂತು ಕುಡಿದಳು. ಕುಡಿದು ಮತ್ತೆ ಬಟ್ಟಲು ಚಾಚಿದಳು.

“ಏನಣ್ಣ, ಈ ವರ್ಷದ ಅಂಬಲಿಗೆ ನಮ್ಮ ತವರಿನ ರುಚಿ ಬಂದುಬಿಟ್ಟಿದೆ!”

“ತವರು ನೆನಪಾದರೆ ನಿನಗೆ ಬಾವಿಯ ನೀರೂ ಸಿಹಿ, ಬಿಡಕ್ಕ,” ಎಂದ ಕಾವಲುಗಾರ. ಕೂತವರು ನಕ್ಕರು. ಅವಳೂ ನಕ್ಕಳು.

ಮಳೆ ಬಿತ್ತು. ಅವಳು ಬೀಜಕ್ಕೆ ಬಂದಳು. ಗಡಿಗೆಯ ಬಾಯಿ ತೆರೆದರೆ ಹುರುಳಿ.

“ನನ್ನ ರಾಗಿ ಎಲ್ಲಣ್ಣ?”

“ನಿಯಮದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲಕ್ಕ. ನಿನ್ನ ಗುರುತು, ನಿನ್ನ ಗಡಿಗೆ, ನೀನು ಕೊನೆಗೆ ತಂದ ಬೀಜ.”

ಅವಳಿಗೆ ತಾನು ಚಾಚಿದ ಬಟ್ಟಲು ನೆನಪಾಯಿತು. “ಆ ಅಂಬಲಿ ನನ್ನ ರಾಗಿಯದೇ,” ಎಂದಳು. ಕಾವಲುಗಾರನಿಗೆ ಈಗ ಅರ್ಥವಾಯಿತು. ಅವನು ತಡವರಿಸುತ್ತ ಹೇಳಿದ: “ಇನ್ನು ಮೇಲೆ ತಂದ ದಿನವನ್ನೂ ಗಡಿಗೆಯ ಮೇಲೆ ಕೊರೆಸುತ್ತೇನೆ. ಆಗ ಯಾವುದೂ ಯಾವುದನ್ನೂ ಹೊರದೂಡುವುದಿಲ್ಲ.”

“ದಿನ ಪ್ರತಿ ಸಲವೂ ಬೇರೆ. ಆಗ ಯಾವುದೂ ಯಾವುದಕ್ಕೂ ಹೊಂದುವುದೂ ಇಲ್ಲ,” ಎಂದಳು ಅವಳು. “ಮತ್ತೆ ಮನೆ ತುಂಬ ಗಡಿಗೆ, ಕೈಗೆ ಜೊಳ್ಳು. ಯಾರದು ಅಂತ ಕೇಳಿದೆಯಲ್ಲ, ಯಾವ ಕಾಳು ಅಂತಲೂ ಕೇಳು. ಎರಡೂ ಹಳೆಯ ಗಡಿಗೆಗೆ ಹೊಂದಿದರೆ ಮಾತ್ರ ಹಳೆಯದಕ್ಕೆ ಕೈ ಹಾಕು.”

ಅಂದಿನಿಂದ ಗಡಿಗೆಯ ಕೊರಳಿಗೆ ಎರಡು ಗುರುತು ಬಂದವು, ರೈತರದು ಒಂದು, ಕಾಳಿನದು ಒಂದು. ಒಂದು ಜೋಡಿ ಗುರುತಿಗೆ ಬೀಜದ ಮನೆಯಲ್ಲಿ ಒಂದೇ ಗಡಿಗೆ ಇರುತ್ತಿತ್ತು. ಯಾರ ಬೀಜವೂ ಮತ್ತೆ ಕಳೆಯಲಿಲ್ಲ. ಮುಷ್ಟಿಯಂಥ ತೆನೆಯ ಆ ರಾಗಿ ಮಾತ್ರ ಆ ಊರಿನಲ್ಲಿ ಮತ್ತೆ ಮೊಳೆಯಲಿಲ್ಲ.

ಗುರುಗಳು ಕತೆ ಮುಗಿಸಿ ಶಿಷ್ಯನನ್ನು ನೋಡಿದರು.

“ಯಂತ್ರಕ್ಕೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಅದಕ್ಕೆ ಏನೂ ತಿಳಿಯುವುದಿಲ್ಲ. ನೀನು ತೋರಿಸಿದ ಗುರುತನ್ನಷ್ಟೇ ನೋಡುತ್ತದೆ. ಮೊನ್ನೆ ಒಂದೇ ಟ್ರಂಕು ಹಿಡಿದುಕೊಂಡು ಅಣ್ಣ ತಮ್ಮ ಇಬ್ಬರು ಬಂದರಲ್ಲ, ಅವರ ಮನೆಯಲ್ಲಿ ಫೋನ್ ಎಷ್ಟಿದೆ?”

“ಒಂದೇ, ಬುದ್ಧೀ.” ಶಿಷ್ಯನ ದನಿ ತಗ್ಗಿತು. “ಆದರೆ ಇಬ್ಬರ ವಿವರವನ್ನೂ ನಾನೇ ತುಂಬಿದೆ. ಯಂತ್ರ ಒಂದು ತಪ್ಪನ್ನೂ ತೋರಿಸಲಿಲ್ಲ. ಎಲ್ಲ ಸಲೀಸಾಗಿ ಮುಗಿಯಿತು.”

“ಅಂಬಲಿಯೂ ರುಚಿಯಾಗಿಯೇ ಇತ್ತು,” ಎಂದರು ಗುರುಗಳು.